ರೊಟ್ಟಿ ಉಬ್ಬಬೇಕು, ಕಣ್ಣು ಉರಿಯಬಾರದು

ಬೆಳಗಿನ ಐದು ಗಂಟೆಗೆ ಚಿತ್ತಾಪುರದ ಯಾವ ಓಣಿಯಲ್ಲಿ ನಿಂತರೂ ಪಟಪಟ ಎಂಬ ಸದ್ದು ಕೇಳಿಸುತ್ತದೆ. ಅದು ಜೋಳದ ರೊಟ್ಟಿ ಬಡಿಯುವ ಸದ್ದು. ಸದ್ದಿನ ಹಿಂದೆಯೇ ಹೊಗೆಯ ವಾಸನೆ. ತೊಗರಿ ಕಟ್ಟಿಗೆ ಉರಿಯುವ ವಾಸನೆ ಒಂದು ಮನೆಯಿಂದ, ಕುಳ್ಳು ಉರಿಯುವ ವಾಸನೆ ಇನ್ನೊಂದು ಮನೆಯಿಂದ. ಮೂರನೆಯ ಮನೆಯಲ್ಲಿ ಹೊಗೆಯಿಲ್ಲ, ಗ್ಯಾಸ್ ಒಲೆ ಉರಿಯುತ್ತಿದೆ. ಆದರೆ ಆ ಮನೆಯ ಹಿತ್ತಲಲ್ಲೂ ಒಂದು ಮಣ್ಣಿನ ಒಲೆ ಇದ್ದೇ ಇರುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಅಡುಗೆಮನೆಗಳಲ್ಲಿ ಒಲೆಯ ಆಯ್ಕೆ ಎಂಬುದು ಅತ್ತೆ ಸೊಸೆಯರ ನಡುವಿನ ಹಳೆಯ ವ್ಯಾಜ್ಯ. ‘ಗ್ಯಾಸಿನ ಮ್ಯಾಲ ರೊಟ್ಟಿ ಉಬ್ಬಂಗಿಲ್ಲವಾ’ ಎಂದು ಅತ್ತೆಯ ವಾದ. ‘ಹೊಗಿಗಿ ಕಣ್ಣ ಉರಿಲತ್ತಾವ್ರಿ ಅತ್ತಿ’ ಎಂದು ಸೊಸೆಯ ಅಳಲು. ಇಬ್ಬರ ಮಾತೂ ಸುಳ್ಳಲ್ಲ. ಅಂಗಡಿಯ ಮುಂದೆ ಸಾಲಾಗಿ ಜೋಡಿಸಿಟ್ಟ ಬಗೆಬಗೆಯ ಕಂಪನಿಗಳ ಒಲೆಗಳನ್ನು ಕಂಡಾಗ ಯಾವುದನ್ನು ಒಯ್ಯಬೇಕು ಎಂಬ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ.

ಹಾಗೆ ನೋಡಿದರೆ ಬೆಂಕಿಯ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ವಾಡಿ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಣ್ಣದ ಕಲ್ಲಿನ ಪುಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಆ ಗೂಡಿನ ಉಕ್ಕಿನ ಕೊಳವೆ ಕರಗದಿರಲೆಂದು ಒಳಗೆ ಶಾಖ ತಡೆಯುವ ಇಟ್ಟಿಗೆಯ ಹೊದಿಕೆ ಇರುತ್ತದೆ. ಎಷ್ಟು ಗಾಳಿ ಬಿಡಬೇಕು, ಎಷ್ಟು ಇಂಧನ ಊಡಬೇಕು ಎಂಬುದಕ್ಕೆ ಅಲ್ಲಿ ಇಂಜಿನಿಯರರಿದ್ದಾರೆ. ಅದೇ ಕಾರ್ಖಾನೆಗೆ ಬುತ್ತಿ ಕಟ್ಟಿ ಕಳಿಸುವ ಮನೆಯಲ್ಲಿ ಮಾತ್ರ ಆ ಲೆಕ್ಕವನ್ನೆಲ್ಲ ಒಬ್ಬ ಹೆಣ್ಣುಮಗಳು ಕೊಳವೆ ಊದುತ್ತ, ಕಣ್ಣೊರೆಸಿಕೊಳ್ಳುತ್ತ ಮಾಡಬೇಕು.

ರೊಟ್ಟಿ ಏನು ಕೇಳುತ್ತದೆ?

ಒಲೆಯನ್ನು ಆರಿಸುವ ಮುನ್ನ ರೊಟ್ಟಿಯ ಬೇಡಿಕೆ ಏನೆಂದು ತಿಳಿಯಬೇಕು. ಗೋಧಿಯ ಹಿಟ್ಟಿನಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿಲ್ಲ. ಅದಕ್ಕಾಗಿಯೇ ಕುದಿಯುವ ಎಸರು ಹಾಕಿ ನಾದುತ್ತಾರೆ. ಬಡಿದ ರೊಟ್ಟಿ ಕಾದ ಹಂಚಿನ ಮೇಲೆ ಬಿದ್ದ ತಕ್ಷಣ ಮೇಲ್ಭಾಗಕ್ಕೆ ನೀರು ಸವರಿ, ಆರುತ್ತಿದ್ದಂತೆ ತಿರುವಿ ಹಾಕಬೇಕು. ಹಂಚು ನಡುವೆ ಮಾತ್ರ ಕಾದು ಅಂಚಿನಲ್ಲಿ ತಣ್ಣಗಿದ್ದರೆ ರೊಟ್ಟಿಯ ನಡುಭಾಗ ಕರಿಯುತ್ತದೆ, ಅಂಚು ಹಸಿಯಾಗಿ ಉಳಿಯುತ್ತದೆ. ಹಂಚಿನಿಂದ ತೆಗೆದ ಮೇಲೆ ಒಲೆಯ ಬಾಯಿಯಲ್ಲಿ ಕೆಂಡಕ್ಕೆ ಒರಗಿಸಿ ಇಟ್ಟರೆ ಒಳಗಿನ ತೇವ ಹಬೆಯಾಗಿ ರೊಟ್ಟಿ ಪುಗ್ಗೆಯಂತೆ ಉಬ್ಬುತ್ತದೆ. ಖಡಕ್ ರೊಟ್ಟಿಗಾದರೆ ಇಷ್ಟೂ ಆದ ಮೇಲೆ ಸಣ್ಣ ಶಾಖದಲ್ಲಿ ಬಹಳ ಹೊತ್ತು ಆರಬೇಕು.

ಅಂದರೆ ರೊಟ್ಟಿಗೆ ಬೇಕಾದದ್ದು ಒಂದು ಬೆಂಕಿಯಲ್ಲ, ಮೂರು. ಹಂಚಿನ ಅಡಿಯಲ್ಲಿ ಅಗಲವಾಗಿ ಹರಡುವ ಉರಿ, ಉಬ್ಬಿಸುವುದಕ್ಕೆ ಕೆಂಡದ ಬಿಸಿ, ಒಣಗಿಸುವುದಕ್ಕೆ ಮಂದ ಶಾಖ. ಮಣ್ಣಿನ ಒಲೆ ಈ ಮೂರನ್ನೂ ಕೊಡುತ್ತದೆ. ಶತಮಾನಗಳಿಂದ ಅದು ಉಳಿದುಬಂದದ್ದು ಬಡತನದಿಂದಷ್ಟೇ ಅಲ್ಲ ಎಂಬುದನ್ನು ಮರೆಯಬಾರದು.

ಮಣ್ಣಿನ ಒಲೆಯ ಬೆಲೆ

ಮಣ್ಣಿನ ಒಲೆಗೆ ದುಡ್ಡು ಕೊಡಬೇಕಿಲ್ಲ. ಆದರೆ ಅದು ಪುಕ್ಕಟೆಯಲ್ಲ. ಹಳೆಯ ಮಾದರಿಯ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ 10ರಿಂದ 15 ಪಾಲು ಮಾತ್ರ. ಉಳಿದದ್ದು ಗೋಡೆಗೆ, ಗಾಳಿಗೆ, ಹೊಗೆಗೆ ಹೋಗುತ್ತದೆ. ಈ ತಾಲ್ಲೂಕುಗಳಲ್ಲಿ ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆಗೆ ಬರವಿಲ್ಲ. ಆದರೆ ಅದು ಭಗ್ಗನೆ ಉರಿದು ಬೇಗ ಬೂದಿಯಾಗುತ್ತದೆ. ಒಂದು ಕೈ ರೊಟ್ಟಿಯ ಮೇಲಿದ್ದರೆ ಇನ್ನೊಂದು ಕೈ ಒಲೆಯ ಬಾಯಲ್ಲಿರಬೇಕು. ಕುಳ್ಳು ನಿಧಾನವಾಗಿ ಉರಿದರೂ ಹೊಗೆ ಹೆಚ್ಚು. ಗಟ್ಟಿ ಕೆಂಡ ಕೊಡುವುದು ಜಾಲಿ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾದ ಮೇಲೆ ಅಲ್ಲಿಂದ ಕಟ್ಟಿಗೆ ತರುವುದಕ್ಕೂ ಕಟ್ಟುಪಾಡುಗಳಿವೆ.

ಹೊಗೆಯ ಲೆಕ್ಕ ಇದಕ್ಕಿಂತ ಕಠೋರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶ್ವಾಸಕೋಶದ ಕಾಯಿಲೆ, ಹೃದಯದ ಕಾಯಿಲೆ, ಕಣ್ಣಿನ ಪೊರೆ, ಮಕ್ಕಳಲ್ಲಿ ನ್ಯುಮೋನಿಯ ಇವೆಲ್ಲಕ್ಕೂ ಹೊಗೆಗೂ ನಂಟಿದೆ. ಒಲೆಯ ಮುಂದೆ ಕೂರುವವಳು ಮತ್ತು ಅವಳ ಸೆರಗು ಹಿಡಿದು ಪಕ್ಕದಲ್ಲಿ ಕೂರುವ ಕೂಸು ಇದಕ್ಕೆ ಮೊದಲು ಬಲಿಯಾಗುತ್ತಾರೆ.

ಅಸ್ತ್ರ ಒಲೆ ಕಲಿಸಿದ ಪಾಠ

ಈ ಸಂಕಟಕ್ಕೆ ಪರಿಹಾರ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂಚೂಣಿಯಲ್ಲಿದ್ದರು. ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಅಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, 80ರ ದಶಕದ ಮೊದಲಲ್ಲಿ ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯುಳ್ಳ ಒಲೆಯನ್ನು ರೂಪಿಸಿತು. ಅದೇ ಅಸ್ತ್ರ ಒಲೆ. ಪ್ರಯೋಗದಲ್ಲಿ ಅದರ ದಕ್ಷತೆ ಶೇಕಡ 40ರ ಆಸುಪಾಸು ಬಂದಿತ್ತು. ಕೇಂದ್ರ ಸರ್ಕಾರವೂ 1983ರಿಂದ ಸುಧಾರಿತ ಒಲೆಗಳ ಕಾರ್ಯಕ್ರಮ ಆರಂಭಿಸಿ 2002ರವರೆಗೆ ನಡೆಸಿತು.

ಅನ್ನ, ಸಾರು, ಬಿಸಿನೀರು ಏಕಕಾಲಕ್ಕೆ ಬೇಕಾದ ಮನೆಗೆ ಅದು ಹೇಳಿ ಮಾಡಿಸಿದ ಒಲೆ. ಆದರೆ ರೊಟ್ಟಿಯ ಮನೆಯ ರೀತಿಯೇ ಬೇರೆ. ಬೆಂಕಿ ಮುಚ್ಚಿದ ಗೂಡಿನೊಳಗೆ ಉರಿದರೆ ದಕ್ಷತೆ ಹೆಚ್ಚುತ್ತದೆ ನಿಜ. ಆದರೆ ಕೆಂಡಕ್ಕೆ ರೊಟ್ಟಿ ಒರಗಿಸಲು ಬಾಯಿಯೇ ಇರುವುದಿಲ್ಲ. ಕಟ್ಟಿಗೆಯನ್ನು ಗೇಣುದ್ದ ಕಡಿದು ಹಾಕಬೇಕು. ಹೊಗೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮರಳಿ ಮನೆಯೊಳಗೇ ನುಗ್ಗುತ್ತದೆ. ಊರಿನ ಊಟ ಯಾವುದೆಂದು ಕೇಳದೆ ಕೊಟ್ಟ ಒಲೆ, ಅದು ಎಷ್ಟೇ ಉತ್ತಮವಾಗಿರಲಿ, ಮೂಲೆ ಸೇರುತ್ತದೆ.

ಕಂಪನಿಯ ಒಲೆಗಳದು ಇನ್ನೊಂದು ಕಥೆ. ಬ್ರಿಟಿಷ್ ಪೆಟ್ರೋಲಿಯಂ ಕಂಪನಿ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ 2006ರಲ್ಲಿ ‘ಊರ್ಜಾ’ ಒಲೆಯನ್ನು ಮಾರುಕಟ್ಟೆಗೆ ತಂದಿತು. ಪುಟ್ಟ ಫ್ಯಾನ್ ಗಾಳಿ ಊದುತ್ತಿತ್ತು, ಹೊಗೆ ಬಹಳ ಕಡಿಮೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಹೋಯಿತು. ಆದರೆ ಅದಕ್ಕೆ ಕೃಷಿತ್ಯಾಜ್ಯದಿಂದ ಮಾಡಿದ ಗುಳಿಗೆಗಳೇ ಬೇಕು. ಕಚ್ಚಾವಸ್ತುವಿನ ಬೆಲೆ ಏರಿ ಗುಳಿಗೆ ತುಟ್ಟಿಯಾದಾಗ ಮನೆಬಳಕೆಯ ಆ ಒಲೆ ಹಿಂದೆ ಬಿತ್ತು. ಒಲೆ ಕೆಟ್ಟಿರಲಿಲ್ಲ, ಅದರ ಮೇವು ಸಿಗದಾಯಿತು. ಒಲೆ ಕೊಳ್ಳುವವರು ಒಲೆಯ ಬೆಲೆಯನ್ನಷ್ಟೇ ಕೇಳಿ ಸುಮ್ಮನಾಗಬಾರದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಸಿಲಿಂಡರಿನ ಲೆಕ್ಕ

ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾದ ಮೇಲೆ ಹಳ್ಳಿಹಳ್ಳಿಗೂ ಗ್ಯಾಸ್ ಬಂತು. ಆದರೆ ಆ ಯೋಜನೆಯ ಮನೆಗಳು ದೇಶದಲ್ಲಿ ಸರಾಸರಿ ವರ್ಷಕ್ಕೆ ತುಂಬಿಸುವುದು ನಾಲ್ಕಾರು ಸಿಲಿಂಡರುಗಳನ್ನಷ್ಟೇ. ಉಳಿದ ದಿನಗಳ ಅಡುಗೆ ಕಟ್ಟಿಗೆಯ ಮೇಲೆಯೇ ಆಗುತ್ತದೆ.

ಇಲ್ಲಿ ಒಂದು ಲೆಕ್ಕ ಮನೆಯ ಯಜಮಾನರಿಗೆ ಉಪಯೋಗವಾದೀತು. ಒಂದು ಕಿಲೋ ಅನಿಲದಲ್ಲಿ ಒಂದು ಕಿಲೋ ಒಣ ಕಟ್ಟಿಗೆಗಿಂತ ಸುಮಾರು ಮೂರು ಪಟ್ಟು ಶಾಖವಿದೆ. ಐಎಸ್‌ಐ ಗುರುತಿನ ಗ್ಯಾಸ್ ಒಲೆಯ ದಕ್ಷತೆ ಕನಿಷ್ಠ ಶೇಕಡ 68 ಇರಬೇಕು. ಇವೆರಡನ್ನೂ ಕೂಡಿಸಿ ನೋಡಿದರೆ 14.2 ಕಿಲೋದ ಒಂದು ಸಿಲಿಂಡರು ಹಳೆಯ ಮಣ್ಣಿನ ಒಲೆಯಲ್ಲಿ ಉರಿಯುವ ಸುಮಾರು ಎರಡು ಕ್ವಿಂಟಲ್ ಕಟ್ಟಿಗೆಗೆ ಸಮ. ಶೇಕಡ 25 ದಕ್ಷತೆಯ ಸುಧಾರಿತ ಒಲೆಯಾದರೆ ಅಷ್ಟೇ ಅಡುಗೆ ಸುಮಾರು ಒಂದು ಕ್ವಿಂಟಲಿನಲ್ಲಿ ಮುಗಿಯುತ್ತದೆ. ಕಟ್ಟಿಗೆ ಕೊಂಡು ತರುವ ಶಹಾಬಾದ್, ವಾಡಿಯಂಥ ಊರಿನ ಮನೆಗಳಲ್ಲಿ ಅಂದಿನ ಕಟ್ಟಿಗೆಯ ದರಕ್ಕೂ ಸಿಲಿಂಡರಿನ ದರಕ್ಕೂ ಈ ಲೆಕ್ಕ ಹಚ್ಚಿ ನೋಡಬಹುದು. ಹೊಲದ ತೊಗರಿ ಕಟ್ಟಿಗೆ ಉರಿಸುವ ಮನೆಗೆ ಕಟ್ಟಿಗೆ ಪುಕ್ಕಟೆ ಎನಿಸಿದರೂ ಅದನ್ನು ಹೊತ್ತು ತಂದು, ಮಳೆಗೆ ನೆನೆಯದಂತೆ ಒಟ್ಟುವ ದುಡಿಮೆ ಪುಕ್ಕಟೆಯಲ್ಲ.

ಗ್ಯಾಸಿನ ಮೇಲೆ ರೊಟ್ಟಿ ಉಬ್ಬುವುದಿಲ್ಲ ಎಂಬ ದೂರಿನಲ್ಲಿ ತಪ್ಪು ಬಹಳ ಸಲ ಬರ್ನರಿನದು. ಸಣ್ಣ ಬರ್ನರಿನ ಉರಿ ಹಂಚಿನ ನಡುಭಾಗಕ್ಕಷ್ಟೇ ಬಡಿಯುತ್ತದೆ. ಅಗಲವಾದ ದೊಡ್ಡ ಬರ್ನರು, ಅದಕ್ಕೆ ಒಪ್ಪುವ ದಪ್ಪ ಕಬ್ಬಿಣದ ಹಂಚು ಇದ್ದರೆ ಅರ್ಧ ದೂರು ಕಡಿಮೆಯಾಗುತ್ತದೆ. ಎರಡನೆಯ ಬರ್ನರಿನ ಮೇಲೆ ತಂತಿಯ ಜಾಳಿಗೆ ಇಟ್ಟು ರೊಟ್ಟಿಯನ್ನು ಕ್ಷಣಹೊತ್ತು ನೇರ ಉರಿಗೆ ಹಿಡಿದರೆ ಉಬ್ಬಿಯೇ ಉಬ್ಬುತ್ತದೆ. ಕೆಂಡದ ಆ ಘಮ ಮಾತ್ರ ಬರುವುದಿಲ್ಲ. ಇಂಡಕ್ಷನ್ ಒಲೆಗಾದರೆ ತಳ ಸಮವಾಗಿರುವ ಕಬ್ಬಿಣದ ಹಂಚೇ ಬೇಕು. ನಡುತಗ್ಗಿನ ಹಳೆಯ ಹಂಚು ಅದರ ಮೇಲೆ ನಡೆಯದು.

ಪರದೇಶದ ಮಣ್ಣಿನ ಒಲೆ

ಮಣ್ಣಿನ ಒಲೆ ಹಿಂದುಳಿದವರ ವಸ್ತು ಎಂದು ಮೂಗು ಮುರಿಯುವವರು ಅಮೆರಿಕದ ಹಿತ್ತಲುಗಳತ್ತ ಒಮ್ಮೆ ನೋಡಬೇಕು. ಅಲ್ಲಿ ಮೊಟ್ಟೆಯಾಕಾರದ, ಮುಚ್ಚಳವಿರುವ ‘ಕಮಾಡೊ’ ಎಂಬ ಪಿಂಗಾಣಿಯ ಒಲೆಗೆ ಸಾವಿರ ಡಾಲರಿಗೂ ಮೇಲೆ ಕೊಡುತ್ತಾರೆ. ಕಮಾಡೊ ಎಂದರೆ ಜಪಾನಿ ಭಾಷೆಯಲ್ಲಿ ಒಲೆ ಎಂದೇ ಅರ್ಥ. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಮರಳಿದ ಅಮೆರಿಕದ ಸೈನಿಕರು ಅದನ್ನು ಜತೆಗೆ ಒಯ್ದರು. 1974ರಲ್ಲಿ ಅಟ್ಲಾಂಟಾದಲ್ಲಿ ‘ಬಿಗ್ ಗ್ರೀನ್ ಎಗ್’ ಕಂಪನಿ ಶುರುವಾಯಿತು. 2009ರಲ್ಲಿ ‘ಕಮಾಡೊ ಜೋ’ ಬಂತು. ಇವುಗಳಲ್ಲಿ ಯಾವುದು ಮೇಲು ಎಂದು ಅಲ್ಲಿಯ ಗಂಡಸರು ಗಂಟೆಗಟ್ಟಲೆ ಚರ್ಚಿಸುತ್ತಾರೆ.

ಅದರ ಗುಟ್ಟು ಎರಡೇ. ದಪ್ಪ ಗೋಡೆ ಶಾಖವನ್ನು ಹಿಡಿದಿಡುತ್ತದೆ. ಕೆಳಗೊಂದು, ಮೇಲೊಂದು ಗಾಳಿಕಂಡಿ ಬೆಂಕಿಯ ವೇಗವನ್ನು ಅಂಕೆಯಲ್ಲಿಡುತ್ತವೆ. ಮುಚ್ಚಳ ತೆರೆದರೆ ಶಾಖ ಹಾರಿಹೋಗುತ್ತದೆ. ಹೀಗಾಗಿ ನಿಮಿಷಕ್ಕೊಂದು ರೊಟ್ಟಿ ಹಾಕಿ ತೆಗೆಯುವ ಸೇಡಂ ಹೆಣ್ಣುಮಗಳಿಗೆ ಅದು ಕೆಲಸಕ್ಕೆ ಬಾರದು. ಆದರೆ ಅದರ ಬುದ್ಧಿಯನ್ನು ಕಾಸಿಲ್ಲದೆ ಎರವಲು ಪಡೆಯಬಹುದು. ರೊಟ್ಟಿ ಮುಗಿದ ಮೇಲೆ ಒಲೆಯ ಬಾಯಿಗೆ ಒಂದು ಒಡೆದ ಹಂಚಿನ ತುಂಡು ಮುಚ್ಚಿದರೆ ಗಾಳಿ ಕಡಿಮೆಯಾಗಿ ಕೆಂಡ ನಿಧಾನವಾಗಿ ಉರಿಯುತ್ತದೆ. ಖಡಕ್ ರೊಟ್ಟಿ ಒಣಗಿಸಲು ಆ ಶಾಖ ಸಾಕು. ಕಟ್ಟಿಗೆಯನ್ನು ನೆಲಕ್ಕೆ ತಾಗದಂತೆ ಕಬ್ಬಿಣದ ಜಾಳಿಗೆಯ ಮೇಲಿಟ್ಟರೆ ಕೆಳಗಿನಿಂದ ಗಾಳಿ ಸಿಕ್ಕು ಹೊಗೆ ತಗ್ಗುತ್ತದೆ.

ಇಲ್ಲಿಯವರು ಮಾಡುವ ಒಂದು ತಪ್ಪನ್ನೂ ಹೇಳಬೇಕು. ಶಹಾಬಾದಿ ಫರ್ಸಿ ಅಡುಗೆಕಟ್ಟೆಗೆ ಒಳ್ಳೆಯ ಕಲ್ಲು. ಆದರೆ ಅದನ್ನೇ ಒಲೆಯೊಳಗೆ ಹಾಸಿ ಮೇಲೆ ಬೆಂಕಿ ಹಚ್ಚಬಾರದು. ಪದರಪದರವಾಗಿರುವ ಆ ಸುಣ್ಣಕಲ್ಲಿನಲ್ಲಿ ತೇವವಿದ್ದರೆ ಕಾದಾಗ ಸಿಡಿದು ಚಕ್ಕೆ ಹಾರಬಹುದು. ಒಲೆಯೊಳಗೆ ಮಣ್ಣು ಅಥವಾ ಸುಟ್ಟ ಇಟ್ಟಿಗೆಯೇ ಲೇಸು.

ಕೊಳ್ಳುವ ಮುನ್ನ

ಯಾವ ಕಂಪನಿಯದೇ ಆಗಲಿ, ಕೆಲವು ಪ್ರಶ್ನೆಗಳನ್ನು ಕೇಳಿಯೇ ದುಡ್ಡು ಎಣಿಸಬೇಕು. ಇದಕ್ಕೆ ಬೇಕಾದ ಇಂಧನ ವರ್ಷದ ಹನ್ನೆರಡು ತಿಂಗಳೂ ಊರಿನಲ್ಲೇ ಸಿಗುತ್ತದೆಯೆ? ಮನೆಯ ಹಂಚು ಇದರ ಮೇಲೆ ಅಲುಗದೆ ಕೂರುತ್ತದೆಯೆ? ಜಾಳಿಗೆ, ಬರ್ನರು ಕೆಟ್ಟರೆ ಬಿಡಿಭಾಗ ಸೇಡಂ ಪೇಟೆಯಲ್ಲೇ ದೊರೆಯುತ್ತದೆಯೆ, ಕಲಬುರಗಿಗೆ ಓಡಬೇಕೆ? ಐಎಸ್‌ಐ ಗುರುತಿದೆಯೆ? ಒಯ್ಯಬಹುದಾದ ಕಟ್ಟಿಗೆ ಒಲೆಗೂ ಭಾರತೀಯ ಮಾನಕವಿದೆ. ಸಾಮಾನ್ಯ ಬಗೆಗೆ ಶೇಕಡ 25, ಫ್ಯಾನ್ ಇರುವುದಕ್ಕೆ ಶೇಕಡ 35 ಕನಿಷ್ಠ ದಕ್ಷತೆ ನಿಗದಿಯಾಗಿದೆ. ಗ್ಯಾಸಿನದಾದರೆ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು.

ರೊಟ್ಟಿ ಮಾರಿ ಬದುಕುವವರಿಗೆ ಈ ಪ್ರಶ್ನೆಗಳು ಇನ್ನೂ ಹರಿತ. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ರೊಟ್ಟಿ ಬೆಂಗಳೂರಿನವರೆಗೂ ಹೋಗುತ್ತಿದ್ದು, 2025ರ ಜೂನ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೂ ಅದನ್ನು ಹೆಸರಿಸಿದರು. ಮನೆಗೆ ಇಪ್ಪತ್ತು ರೊಟ್ಟಿ ಬಡಿಯುವವಳು ಒಲೆಯ ಮುಂದೆ ಕೂರುವುದು ಒಂದು ತಾಸು. ಮಾರಾಟಕ್ಕೆ ಬಡಿಯುವವಳು ಕೂರುವುದು ದಿನವಿಡೀ. ಅವಳ ಪಾಲಿನ ಹೊಗೆಯೂ ಅಷ್ಟೇ ಹೆಚ್ಚು. ವ್ಯಾಪಾರಕ್ಕೆ ಮನೆಯ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಅದು ತುಟ್ಟಿಯೆಂದು ಕಟ್ಟಿಗೆಗೆ ಮರಳುವುದಾದರೆ ಹೊಗೆ ಕೊಳವೆಯ ಖರ್ಚನ್ನು ಬಂಡವಾಳದಲ್ಲೇ ಸೇರಿಸಿಕೊಳ್ಳುವುದು ವಿವೇಕ. ಆಸ್ಪತ್ರೆಯ ಖರ್ಚು ಅದಕ್ಕಿಂತ ದೊಡ್ಡದು.

ಕೊನೆಗೆ ಬಹುಪಾಲು ಮನೆಗಳಲ್ಲಿ ಎರಡು ಒಲೆಗಳು ಉಳಿಯುತ್ತವೆ. ಚಹಾ, ಬ್ಯಾಳಿ, ಪುಂಡಿಪಲ್ಯೆಗೆ ಒಳಗಿನ ಗ್ಯಾಸು, ರೊಟ್ಟಿಗೆ ಹಿತ್ತಲಿನ ಒಲೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹಿತ್ತಲಿನ ಒಲೆಗೆ ಒಂದು ಜಾಳಿಗೆ, ಗಾಳಿಯಾಡುವ ಮಾಡು, ಒಣಗಿದ ಕಟ್ಟಿಗೆ ಇರಬೇಕಷ್ಟೆ. ಆದರೆ ಒಲೆ ತರಲು ಪೇಟೆಗೆ ಹೋಗುವಾಗ ಗಂಡಸರು ಒಬ್ಬರೇ ಹೋಗಿ, ಅಂಗಡಿಯವನು ಹೊಗಳಿದ್ದನ್ನು ಹೊತ್ತು ತರುವುದು ಈಗಲೂ ಉಂಟು. ಮೂವತ್ತು ವರ್ಷ ಅದರ ಮುಂದೆ ಕೂರಬೇಕಾದವಳನ್ನು ಜತೆಗೆ ಕರೆದೊಯ್ದು, ಅವಳ ಕೈಗೆ ಹಂಚನ್ನೂ ಕೊಟ್ಟು, ಒಲೆಯ ಮೇಲೆ ಇಟ್ಟು ನೋಡೆಂದು ಹೇಳಿದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.