ಕಾರಿನ ತೂಗಾಟದ ಲೆಕ್ಕ

ಕಾರಿನ ಚಕ್ರಕ್ಕೂ ಬಾಡಿಗೂ ನಡುವೆ ಇರುವ ಸ್ಪ್ರಿಂಗು ರಸ್ತೆಯ ಹೊಡೆತವನ್ನು ಇಲ್ಲವಾಗಿಸುವುದಿಲ್ಲ. ಚಕ್ರ ಹಂಪ್ ಹತ್ತಿದಾಗ ಸ್ಪ್ರಿಂಗು ಕುಗ್ಗಿ ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರುಗಳಿಗೆ ಹಿಗ್ಗಿ ಅದನ್ನು ಬಿಟ್ಟುಕೊಡುತ್ತದೆ. ಒಂದೇ ಪೆಟ್ಟಿಗೆ ಬೀಳಬೇಕಿದ್ದ ಏಟು ಹೀಗೆ ಮೇಲೆ ಕೆಳಗೆ ತೂಗುವ ಆಂದೋಲನವಾಗುತ್ತದೆ. ಆ ತೂಗಾಟ ಎಷ್ಟು ಚುರುಕಾಗಿರಬೇಕು, ಎಷ್ಟು ಬೇಗ ಅಡಗಬೇಕು ಎಂದು ಗೊತ್ತುಮಾಡುವುದೇ ಸಸ್ಪೆನ್ಷನ್ ವಿನ್ಯಾಸದ ತಿರುಳು.

ಸ್ಪ್ರಿಂಗು ಎಷ್ಟು ಕುಗ್ಗಿದರೆ ಅಷ್ಟು ಬಲದಿಂದ ಮರಳಿ ತಳ್ಳುತ್ತದೆ ಎಂಬುದು ಇಂಗ್ಲೆಂಡಿನ ರಾಬರ್ಟ್ ಹುಕ್ ಕಂಡುಕೊಂಡ ನಿಯಮ. 1676ರಲ್ಲಿ ಅವನು ಅದನ್ನು ಲ್ಯಾಟಿನ್ ಅಕ್ಷರಗಳನ್ನು ಕಲಸಿದ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಕಾರಿನ ಸುರುಳಿ ಸ್ಪ್ರಿಂಗಿನಲ್ಲಿ ಒಂದು ಸ್ವಾರಸ್ಯವಿದೆ. ಸುರುಳಿ ಕುಗ್ಗುವಂತೆ ಕಂಡರೂ ಅದರ ಉಕ್ಕಿನ ಸರಳು ನಿಜವಾಗಿ ತಿರುಚಿಕೊಳ್ಳುತ್ತಿರುತ್ತದೆ. ಸರಳಿನ ದಪ್ಪ ಶೇ 10ರಷ್ಟು ಹೆಚ್ಚಿದರೂ ಸ್ಪ್ರಿಂಗಿನ ಬಿಗುವು ಶೇ 46ರಷ್ಟು ಏರುತ್ತದೆ. ಸುತ್ತುಗಳು ಕಡಿಮೆಯಾದರೂ ಬಿಗುವು ಏರುತ್ತದೆ. ಕಾರು ತಗ್ಗಾಗಿ ಕಾಣಲೆಂದು ಸ್ಪ್ರಿಂಗಿನ ಸುತ್ತು ಕತ್ತರಿಸಿದರೆ ಸವಾರಿ ಗಡುಸಾಗುವುದು ಇದರಿಂದಲೇ.

ಸಾಧಾರಣ ಕಾರೊಂದರ ಪ್ರತಿ ಮೂಲೆಯ ಮೇಲೆ ಸುಮಾರು 300 ಕೆ.ಜಿ. ಭಾರ ಕೂತಿದೆ ಎನ್ನೋಣ. ಸ್ಪ್ರಿಂಗನ್ನು ಒಂದು ಸೆಂಟಿಮೀಟರ್ ಕುಗ್ಗಿಸಲು 20 ಕೆ.ಜಿ. ತೂಕ ಬೇಕಾದರೆ, ನಿಂತ ಕಾರಿನ ಭಾರಕ್ಕೇ ಅದು 15 ಸೆಂ.ಮೀ. ಕುಗ್ಗಿರುತ್ತದೆ. ಇಂಥ ಜೋಡಿ ಸೆಕೆಂಡಿಗೆ ಸುಮಾರು 1.3 ಸಲ ತೂಗುತ್ತದೆ. ಇದು ಅದರ ಸಹಜ ಆವೃತ್ತಿ. ಬಿಗುವನ್ನು ಭಾರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆಯನ್ನು ಅದು ಅವಲಂಬಿಸಿದೆ. ಗುಂಡಿ ಆಳವಾಗಿರಲಿ, ಸಣ್ಣದಾಗಿರಲಿ, ಆವೃತ್ತಿ ಬದಲಾಗದು.

ಈ 1.3 ಯಾದೃಚ್ಛಿಕವಲ್ಲ. ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ 4ರಿಂದ 8 ಸಲ ಬರುವ ಮೇಲೆ-ಕೆಳಗಿನ ಅಲುಗಾಟ ಅತ್ಯಂತ ಅಸಹನೀಯ. ಹೊಟ್ಟೆಯ ಅಂಗಾಂಗಗಳೂ ಮುಂಡವೂ ಆ ಲಯಕ್ಕೆ ತಾವೇ ಕಂಪಿಸತೊಡಗುತ್ತವೆ. ಇನ್ನೊಂದು ತುದಿಯಲ್ಲಿ, ಅರ್ಧ ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ ಅರ್ಧ ಸಲಕ್ಕಿಂತ, ನಿಧಾನವಾದ ತೂಗಾಟ ಹಡಗಿನಲ್ಲಿ ಆಗುವಂತೆ ವಾಕರಿಕೆ ತರುತ್ತದೆ. ಇವೆರಡರ ನಡುವೆ, 1ರಿಂದ 1.5 ಹರ್ಟ್ಸ್ ಆಸುಪಾಸಿನಲ್ಲಿ, ಕಾರಿನ ಬಾಡಿ ನೆಲೆಸುತ್ತದೆ. ಸ್ಪ್ರಿಂಗನ್ನು ಇನ್ನೂ ಮೆದುವಾಗಿಸಲು ಜ್ಯಾಮಿತಿಯೂ ಬಿಡುವುದಿಲ್ಲ. ಆವೃತ್ತಿಯನ್ನು ಅರ್ಧಕ್ಕಿಳಿಸಬೇಕಾದರೆ ನಿಂತಲ್ಲೇ ಆಗುವ ಕುಗ್ಗುವಿಕೆ ನಾಲ್ಕು ಪಟ್ಟಾಗಿ 60 ಸೆಂ.ಮೀ. ತಲುಪುತ್ತದೆ. ಅಷ್ಟು ಜಾಗ ಕಾರಿನಲ್ಲಿ ಎಲ್ಲಿದೆ?

ಸ್ಪ್ರಿಂಗು ಒಂದೇ ಇದ್ದರೆ ತೂಗಾಟ ಬೇಗ ನಿಲ್ಲದು. ರಸ್ತೆಯ ಏರಿಳಿತಗಳೂ ಅದೇ ಲಯಕ್ಕೆ ಬಂದರೆ ಅನುರಣನೆಯಾಗಿ ಕುಲುಕಾಟ ಬೆಳೆಯುತ್ತಲೇ ಹೋಗುತ್ತದೆ. ಗಂಟೆಗೆ 54 ಕಿ.ಮೀ. ವೇಗದಲ್ಲಿ ಸುಮಾರು ಹನ್ನೊಂದೂವರೆ ಮೀಟರಿಗೊಂದು ಉಬ್ಬು ಎದುರಾದರೆ ಇಷ್ಟು ಸಾಕು. ಇದನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ನೂಕುತ್ತದೆ, ಚಲನೆಯ ಶಕ್ತಿ ಶಾಖವಾಗಿ ಹೊರಗೆ ಹೋಗುತ್ತದೆ. ತೂಗಾಟವನ್ನು ಹೀಗೆ ಅಡಗಿಸುವುದೇ ಅವಮಂದನ. ಬಾಡಿ ಒಮ್ಮೆಯೂ ಆಚೀಚೆ ತೂಗದೆ ಆದಷ್ಟು ಬೇಗ ಸ್ವಸ್ಥಾನಕ್ಕೆ ಬರಲು ಬೇಕಾದ ಅವಮಂದನಕ್ಕೆ ಕ್ರಾಂತಿಕ ಅವಮಂದನ ಎಂದು ಹೆಸರು. ಕಾರುಗಳಲ್ಲಿ ಅದರ ಮೂರನೇ ಒಂದು ಭಾಗದ ಆಸುಪಾಸು ಮಾತ್ರ ಇಡುತ್ತಾರೆ. 0.3 ಅನುಪಾತದಲ್ಲಿ ಪ್ರತಿ ತೂಗಿನ ಎತ್ತರ ಹಿಂದಿನದರ ಏಳನೇ ಒಂದಂಶಕ್ಕೆ ಇಳಿಯುತ್ತದೆ. ಎರಡನೇ ತೂಗು ಗಮನಕ್ಕೇ ಬರುವುದಿಲ್ಲ.

ಪೂರ್ತಿ ಏಕೆ ಇಡಬಾರದು? ಇಲ್ಲೇ ವಿಷಯ ಸೂಕ್ಷ್ಮವಾಗುತ್ತದೆ. ಸಹಜ ಆವೃತ್ತಿಯ ಹತ್ತಿರ ಹೆಚ್ಚು ಅವಮಂದನ ಒಳ್ಳೆಯದು. ಆದರೆ ಅದರ 1.4 ಪಟ್ಟನ್ನು ಮೀರಿದ ಚುರುಕು ಅಲುಗಾಟಗಳಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಬಿಗಿಯಾದ ಶಾಕ್ ಅಬ್ಸಾರ್ಬರ್ ಗಟ್ಟಿ ಸರಳಿನಂತಾಗಿ, ಜಲ್ಲಿ ರಸ್ತೆಯ ಪ್ರತಿಯೊಂದು ನಡುಕವನ್ನೂ ಸೀಟಿಗೆ ಮುಟ್ಟಿಸುತ್ತದೆ. ಇದಕ್ಕೆ ಜೊತೆಯಾಗಿ ಚಕ್ರದ್ದೇ ಇನ್ನೊಂದು ಆಂದೋಲನವಿದೆ. ಗಡುಸಾದ ಟೈರು ಮತ್ತು ಸ್ಪ್ರಿಂಗಿನ ನಡುವೆ ಸಿಕ್ಕ ಸುಮಾರು 40 ಕೆ.ಜಿ. ಚಕ್ರ ಸೆಕೆಂಡಿಗೆ 12 ಸಲದ ಹತ್ತಿರ ಕುಣಿಯುತ್ತದೆ. ಅದನ್ನು ಹತೋಟಿಯಲ್ಲಿಡುವುದೂ ಅದೇ ಶಾಕ್ ಅಬ್ಸಾರ್ಬರ್. ಅದು ಸವೆದರೆ ಟೈರು ಮತ್ತೆ ಮತ್ತೆ ನೆಲ ಬಿಡುತ್ತದೆ, ಬ್ರೇಕಿಗೂ ಸ್ಟಿಯರಿಂಗಿಗೂ ಹಿಡಿತ ಸಿಗುವುದಿಲ್ಲ. ಆದ್ದರಿಂದ ಸವೆದ ಶಾಕ್ ಅಬ್ಸಾರ್ಬರ್ ಮೊದಲು ಸುರಕ್ಷತೆಯ ಪ್ರಶ್ನೆ, ಸುಖದ ಪ್ರಶ್ನೆ ಆಮೇಲಿನದು.

ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳ ಹೊಂದಾಣಿಕೆಯನ್ನು 1930ರ ದಶಕದಲ್ಲಿ ಬಗೆಹರಿಸಿದವರು ಜನರಲ್ ಮೋಟರ್ಸ್‌ನಲ್ಲಿದ್ದ ಬ್ರಿಟಿಷ್ ಮೂಲದ ಎಂಜಿನಿಯರ್ ಮಾರಿಸ್ ಆಲಿ. ಆಗಿನ ಕಾರುಗಳಲ್ಲಿ ಮುಂದಿನ ಸ್ಪ್ರಿಂಗುಗಳೇ ಬಿಗಿಯಾಗಿರುತ್ತಿದ್ದವು. ಗಂಟೆಗೆ 72 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ಅದೇ ಉಬ್ಬನ್ನು ತಲುಪುವುದು ಸೆಕೆಂಡಿನ ಎಂಟನೇ ಒಂದು ಭಾಗ ತಡವಾಗಿ. ಅಷ್ಟರಲ್ಲಿ ಮುಂಭಾಗ ತೂಗತೊಡಗಿರುತ್ತದೆ. ಹಿಂಭಾಗ ಅದಕ್ಕಿಂತ ನಿಧಾನವಾಗಿ ತೂಗಿದರೆ ಎರಡೂ ಎದುರುಬದುರಾಗಿ, ಕಾರು ಮೂಗು ಎತ್ತಿ ಇಳಿಸುತ್ತ ಸಾಗುತ್ತದೆ. ಹಿಂದಿನ ಆವೃತ್ತಿಯನ್ನು ಮುಂದಿನದಕ್ಕಿಂತ ತುಸು ಹೆಚ್ಚಿಸಿದರೆ ಹಿಂಭಾಗ ಮುಂಭಾಗದ ಲಯವನ್ನು ಹಿಡಿಯುತ್ತದೆ, ಬಾಡಿ ಸಮತಟ್ಟಾಗಿಯೇ ಏರಿಳಿಯುತ್ತದೆ ಎಂದು ಆಲಿ ಪ್ರಯೋಗಗಳಿಂದ ತೋರಿಸಿದರು.

ಭಾರ ಬದಲಾಗುವ ವಾಹನಗಳದ್ದು ಬೇರೆಯೇ ತೊಡಕು. ತುಂಬಿದ ಲಾರಿಗೆ ಹೊಂದುವ ಪಟ್ಟಿ ಸ್ಪ್ರಿಂಗು ಖಾಲಿ ಲಾರಿಗೆ ಅತಿ ಬಿಗಿ. ಭಾರ ಇಳಿದರೆ ಆವೃತ್ತಿ ಏರಿ ಲಾರಿ ಎತ್ತಿ ಕುಕ್ಕುತ್ತದೆ. ಕರ್ನಾಟಕದ ಹೆದ್ದಾರಿಗಳಲ್ಲಿ ಓಡುವ ವೋಲ್ವೊ ಬಸ್ಸುಗಳಲ್ಲಿ ಪಟ್ಟಿಗಳ ಬದಲು ರಬ್ಬರ್ ಗಾಳಿಚೀಲಗಳಿವೆ. ಪ್ರಯಾಣಿಕರು ಹತ್ತಿದಂತೆ ಕವಾಟವೊಂದು ಚೀಲಕ್ಕೆ ಗಾಳಿ ತುಂಬಿ ಬಸ್ಸಿನ ಎತ್ತರವನ್ನು ಕಾಯುತ್ತದೆ. ಒತ್ತಡ ಏರಿದಂತೆ ಗಾಳಿಯ ಬಿಗುವೂ ಏರುವುದರಿಂದ ಬಿಗುವು ಮತ್ತು ಭಾರದ ಅನುಪಾತ ಹೆಚ್ಚು ಕದಲುವುದಿಲ್ಲ. ಬಸ್ಸು ಖಾಲಿಯಿರಲಿ, ತುಂಬಿರಲಿ, ಅದರ ಆವೃತ್ತಿ ಸರಿಸುಮಾರು ಒಂದೇ.