ಕರಿಹಲಗೆ ಕಸಿದುಕೊಂಡ ಮೇಲೆ

1945ರ ಏಪ್ರಿಲ್ 28. ಸ್ವೀಡನ್ನಿನ ದಕ್ಷಿಣ ತುದಿಯ ಮಾಲ್ಮೊ ಬಂದರು. ಓರೆಸುಂಡ್ ಜಲಸಂಧಿ ದಾಟಿ ಬಂದ ಹಡಗಿನಿಂದ ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಿದ್ದಾರೆ. ಗುಳಿಬಿದ್ದ ಕೆನ್ನೆ, ಮೈಗೆ ಹೊಂದದ ಕೋಟು, ಎದೆಗವಚಿದ ಸಣ್ಣ ಗಂಟು. ಜರ್ಮನಿಯ ರಾವೆನ್ಸ್‌ಬ್ರೂಕ್ ಸೆರೆಶಿಬಿರದಿಂದ ಸ್ವೀಡನ್ನಿನ ರೆಡ್‌ಕ್ರಾಸ್ ಬಿಳಿ ಬಸ್ಸುಗಳಲ್ಲಿ ಹೊರತಂದ ಸಾವಿರಾರು ಮಹಿಳೆಯರಲ್ಲಿ ಇವರೂ ಸೇರಿದವರು. ಊರಿನ ಹಳೆಯ ಕೋಟೆ ಮಾಲ್ಮೊಹುಸ್‌ನ ವಸ್ತುಸಂಗ್ರಹಾಲಯದಲ್ಲೂ ಹಾಸಿಗೆಗಳು ಸಿದ್ಧವಾದವು.

ಪೋಲೆಂಡಿನಿಂದ ಬಂದವರಲ್ಲಿ ಶಾಲಾ ಶಿಕ್ಷಕಿಯರಿದ್ದರು. 1939ರಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿ ಪ್ರೌಢಶಾಲೆ, ವಿಶ್ವವಿದ್ಯಾಲಯಗಳಿಗೆ ಬೀಗ ಜಡಿದಾಗ ಪೋಲೆಂಡಿನ ಶಿಕ್ಷಕರು ಮನೆಗಳ ಒಳಕೋಣೆಗಳಲ್ಲಿ ಕದ್ದು ಪಾಠ ನಡೆಸಿದರು. ಭೂಗತ ಸೇನೆಯ ಪ್ರತಿಜ್ಞೆ ತೊಟ್ಟವರೂ ಅವರಲ್ಲಿದ್ದರು. ಸಿಕ್ಕಿಬಿದ್ದು ಶಿಬಿರ ಸೇರಿದ ಮೇಲೂ ಪಾಠ ನಿಲ್ಲಲಿಲ್ಲ. ಪುಸ್ತಕವಿಲ್ಲ, ಹಲಗೆಯಿಲ್ಲ, ದುಡಿದು ದಣಿದ ಹೊತ್ತಿನಲ್ಲಿ ಪಿಸುದನಿಯ ಚರಿತ್ರೆ, ಭೂಗೋಳ, ಸಾಹಿತ್ಯ. ಕೇಳುತ್ತಿದ್ದವರಲ್ಲಿ ನಾಜಿ ವೈದ್ಯರು ಪ್ರಯೋಗಕ್ಕೆಂದು ಕಾಲು ಕೊಯ್ದ ಹುಡುಗಿಯರೂ ಇದ್ದರು. ಹಾಗೆ ಪ್ರಯೋಗಕ್ಕೆ ಗುರಿಯಾದ ಪೋಲಿಷ್ ಮಹಿಳೆಯರು 74 ಮಂದಿ. ಕೊಲ್ಲುವರೆಂಬ ಭಯದಲ್ಲೇ ದಿನ ದೂಡುವ ಹುಡುಗಿಯನ್ನು ಶಾಲಾ ಪರೀಕ್ಷೆಗೆ ಅಣಿಗೊಳಿಸುವುದೆಂದರೆ, ನಿನಗೆ ನಾಳೆಯಿದೆ ಎಂದು ಮಾತು ಕೊಟ್ಟಂತೆ.

ಮಾಲ್ಮೊಗೆ ಹತ್ತಿರದ ಲುಂಡ್ ವಿಶ್ವವಿದ್ಯಾಲಯದಲ್ಲಿ ಜಿಗ್ಮುಂಟ್ ವಾಕೊಚಿನ್ಸ್ಕಿ ಪೋಲಿಷ್ ಭಾಷೆ ಕಲಿಸುತ್ತಿದ್ದರು. ನಿರಾಶ್ರಿತರ ಮಾತಿಗೆ ಕಿವಿಗೊಟ್ಟ ಅವರಿಗೆ ಇದನ್ನೆಲ್ಲ ಆಗಲೇ ಬರೆದಿಡಬೇಕು ಅನ್ನಿಸಿತು. ಸಣ್ಣದೊಂದು ತಂಡ ಕೂಡಿತು. ಅದರಲ್ಲಿ ಹೆಚ್ಚಿನವರು ತಾವೇ ಶಿಬಿರಗಳಿಂದ ಪಾರಾಗಿ ಬಂದವರು. ಹೇಳುವವಳು ತಡವರಿಸಿದರೆ ಕೇಳುವವರು ಕಾಯುತ್ತಿದ್ದರು. ಕಾಯುವುದು ಅವರಿಗೂ ಸುಲಭವಿರಲಿಲ್ಲ. ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು? ಎರಡನ್ನೂ ಬೇರ್ಪಡಿಸಿ ಬರೆದು, ಕೊನೆಗೆ ಸಹಿ. 1945-46ರಲ್ಲಿ ಹೀಗೆ 500ಕ್ಕೂ ಹೆಚ್ಚು ಸಾಕ್ಷ್ಯಗಳು ಕೂಡಿಬಿದ್ದವು. ರಾವೆನ್ಸ್‌ಬ್ರೂಕ್‌ನ ಅಪರಾಧಿಗಳ ವಿರುದ್ಧ 1946ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್‌ನಲ್ಲಿ ಆರಂಭವಾದ ವಿಚಾರಣೆಗೂ ಇವು ನೆರವಾದವು.

ಯುದ್ಧ ಮುಗಿದರೂ ಮನೆಯ ದಾರಿ ತೆರೆಯಲಿಲ್ಲ. ಸೋವಿಯತ್ ಹಿಡಿತಕ್ಕೆ ಸಿಕ್ಕ ಪೋಲೆಂಡಿನಲ್ಲಿ ಭೂಗತ ಸೇನೆಯವರನ್ನು ಮತ್ತೆ ಸೆರೆಗೆ ತಳ್ಳುತ್ತಿದ್ದರು. ಹಲವರು ಹಾಗಿದ್ದೂ ಮರಳಿದರು. ಉಳಿದವರು ಸ್ವೀಡನ್ನಿನ ಚಳಿಗೆ, ಹೊಸ ನುಡಿಗೆ, ಸಿಕ್ಕಿದ ಕೆಲಸಕ್ಕೆ ಒಗ್ಗಿಕೊಂಡರು.

ಆ ಸಾಕ್ಷ್ಯಗಳು ಲುಂಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ; ಜಾಲತಾಣದಲ್ಲೂ ಓದಲು ಸಿಗುತ್ತವೆ. ಯುದ್ಧದ ಚರಿತ್ರೆಯಲ್ಲಿ ಸೇನಾಪತಿಗಳ ಹೆಸರು ಉರುಹೊಡೆದ ನಾವು ಈ ಶಿಕ್ಷಕಿಯರನ್ನೂ ಸೈನಿಕರ ಸಾಲಿನಲ್ಲೇ ಎಣಿಸಬೇಕು. ಒಂದು ಜನಾಂಗವನ್ನು ಅಕ್ಷರದಿಂದ ದೂರವಿಟ್ಟು ಆಳುವ ಹಂಚಿಕೆಯನ್ನು ಅವರು ಪಾಠ ಹೇಳಿಯೇ ಸೋಲಿಸಿದರು.