ಬ್ಯಾಕ್ಟೀರಿಯಾ ಕಾಲೊನಿಯಲ್ಲಿ ಕವಲುಗಳೇಕೆ?



ಗಾಜಿನ ತಟ್ಟೆಯೊಂದರಲ್ಲಿ ಅಗರ್ ಎಂಬ ಲೋಳೆಯ ತೆಳುವಾದ ಪದರವಿದೆ ಎಂದುಕೊಳ್ಳಿ. ಅದರ ನಡುವೆ ಬ್ಯಾಕ್ಟೀರಿಯಾಗಳಿರುವ ಒಂದು ಹನಿಯನ್ನು ಇರಿಸಿದರೆ ಏನಾಗುತ್ತದೆ? ದುಂಡನೆಯ ಮಚ್ಚೆಯಂತೆ ಬೆಳೆಯುತ್ತದೆ ಎಂದು ನೀವು ಹೇಳಬಹುದು. ಆಹಾರ ಹೇರಳವಾಗಿದ್ದರೆ ಸಾಮಾನ್ಯವಾಗಿ ನಿಮ್ಮ ಉತ್ತರ ಸರಿಯೇ. ಆದರೆ ಆಹಾರ ತೀರ ಕಡಿಮೆಯಿದ್ದು, ಅಗರ್ ಗಟ್ಟಿಯಾಗಿದ್ದರೆ, ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಎಲೆಯುದುರಿದ ಮರದಂತೆ ಕವಲು ಕವಲಾಗಿ ಹರಡುತ್ತದೆ. ಮೆದುಳೇ ಇಲ್ಲದ ಜೀವಿಗೆ ಈ ವಿನ್ಯಾಸವನ್ನು ಕಲಿಸಿದವರು ಯಾರು?

ಉತ್ತರ ಕಾಲೊನಿಯ ಅಂಚಿನಲ್ಲಿದೆ. ಸುತ್ತಲಿನ ಆಹಾರವು ವಿಸರಣದ ಮೂಲಕ ನಿಧಾನವಾಗಿ ಅಂಚನ್ನು ತಲುಪುತ್ತದೆ. ಅಲ್ಲಿ ಆಕಸ್ಮಿಕವಾಗಿ ಒಂದು ಸಣ್ಣ ಉಬ್ಬು ಮೂಡಿತೆನ್ನಿ. ಅದು ಮುಂದೆ ಚಾಚಿರುವುದರಿಂದ ಅದಕ್ಕೆ ಆಹಾರ ಹೆಚ್ಚು ಸಿಗುತ್ತದೆ. ಹೆಚ್ಚು ತಿಂದದ್ದು ಹೆಚ್ಚು ಬೆಳೆಯುತ್ತದೆ. ಹೆಚ್ಚು ಬೆಳೆದದ್ದಕ್ಕೆ ಇನ್ನೂ ಹೆಚ್ಚು ಸಿಗುತ್ತದೆ. ಹಿಂದಿನ ತಗ್ಗಿಗೆ ಹೋಗಬೇಕಾದ ಆಹಾರ ದಾರಿಯಲ್ಲೇ ಖರ್ಚಾಗುತ್ತದೆ. ಉಬ್ಬು ಕವಲಾಗುತ್ತದೆ, ತಗ್ಗು ಬರಿದಾಗಿಯೇ ಉಳಿಯುತ್ತದೆ.

ಇದನ್ನು ಗಣಿತದ ಭಾಷೆಯಲ್ಲಿ ಎರಡು ಸಮೀಕರಣಗಳಾಗಿ ಬರೆಯಬಹುದು. ಒಂದು ಜಾಗದಲ್ಲಿ ಆಹಾರದ ಬದಲಾವಣೆ ಎಂದರೆ, ಸುತ್ತಲಿಂದ ಹರಿದು ಬಂದದ್ದರಲ್ಲಿ ತಿಂದದ್ದನ್ನು ಕಳೆದದ್ದು. ಬ್ಯಾಕ್ಟೀರಿಯಾಗಳ ಬದಲಾವಣೆ ಎಂದರೆ, ಹರಡಿ ಬಂದವು ಮತ್ತು ಹೊಸದಾಗಿ ಹುಟ್ಟಿದವುಗಳ ಮೊತ್ತ.

ಇನ್ನೂ ಸರಳವಾದ ಮಾದರಿಯೊಂದನ್ನು 1981ರಲ್ಲಿ ವಿಟನ್ ಮತ್ತು ಸ್ಯಾಂಡರ್ ಎಂಬ ಭೌತವಿಜ್ಞಾನಿಗಳು ಕಂಪ್ಯೂಟರಿನಲ್ಲಿ ರಚಿಸಿದರು. ನಡುವೆ ಒಂದು ಕಣ ಸ್ಥಿರವಾಗಿದೆ. ದೂರದಿಂದ ಬಿಟ್ಟ ಇನ್ನೊಂದು ಕಣ ಗೊತ್ತುಗುರಿಯಿಲ್ಲದೆ ಅಲೆದಾಡಿ, ಅದನ್ನು ಮುಟ್ಟಿದಾಗ ಅಂಟಿಕೊಳ್ಳುತ್ತದೆ. ಹೀಗೆ ಸಾವಿರಾರು ಕಣಗಳು ಸೇರಿದಾಗ ಕವಲೊಡೆದ ಮರ ಸಿದ್ಧ! ನಮ್ಮ ಕಾಲೊನಿಗೆ ಅನ್ವಯಿಸುವಾಗ, ಅಲೆಯುವ ಕಣವೇ ಆಹಾರ. ಅದು ತಲುಪಿದಲ್ಲಿ ಬೆಳವಣಿಗೆ.

ಚಿತ್ರಗಳು ಹೋಲಿದರೆ ಸಾಕೇ? ಸಾಲದು. ಭರ್ತಿಯಾದ ವೃತ್ತದ ತ್ರಿಜ್ಯ ಎರಡು ಪಟ್ಟಾದರೆ ಅದರ ವಿಸ್ತೀರ್ಣ 4 ಪಟ್ಟಾಗುತ್ತದೆ. ಈ ಮಾದರಿಯಲ್ಲಿ ಕಣಗಳ ಸಂಖ್ಯೆ ಸುಮಾರು 3.3 ಪಟ್ಟು ಮಾತ್ರ ಆಗುತ್ತದೆ. ಅಂದರೆ ಅದರ ಆಯಾಮ 2 ಅಲ್ಲ, ಸುಮಾರು 1.71. ಜಪಾನಿನ ಮತ್ಸುಶಿತಾ ಮತ್ತು ಫುಜಿಕಾವಾ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿಜವಾದ ಕಾಲೊನಿಯ ಆಯಾಮವೂ ಸುಮಾರು 1.72 ಎಂದು ಕಂಡುಬಂತು. ಅವರು ಇನ್ನೊಂದು ಪರೀಕ್ಷೆಯನ್ನೂ ಒಡ್ಡಿದರು. ಆಹಾರದ ಕೊರತೆಯೇ ಕಾರಣವಾಗಿದ್ದರೆ, ಅಕ್ಕಪಕ್ಕದ ಎರಡು ಕಾಲೊನಿಗಳ ನಡುವಿನ ಜಾಗ ಬೇಗ ಬರಿದಾಗಿ, ಅತ್ತ ಕವಲುಗಳು ಬೆಳೆಯಬಾರದು. ಹಾಗೆಯೇ ಆಯಿತು; ಎರಡೂ ಒಂದಾಗದೆ ದೂರವೇ ಉಳಿದವು.

ಆದರೆ ಅಗರ್ ಮೆದುವಾದರೆ ಬ್ಯಾಕ್ಟೀರಿಯಾಗಳು ಈಜತೊಡಗುತ್ತವೆ. ಆಗ ಈ ಮಾದರಿ ಸೋಲುತ್ತದೆ. ಹಾಗಾಗಿ ಇಸ್ರೇಲಿನ ಎಶೆಲ್ ಬೆನ್-ಜೇಕಬ್ ಮತ್ತು ಸಂಗಡಿಗರು 1994ರಲ್ಲಿ ತಿನ್ನುವ, ಚಲಿಸುವ, ರಾಸಾಯನಿಕ ಸಂಕೇತಗಳಿಂದ ಪರಸ್ಪರ ಎಚ್ಚರಿಸುವ ಅಲೆಮಾರಿಗಳನ್ನು ಮಾದರಿಗೆ ಸೇರಿಸಿದರು. ಎಲ್ಲಿ ಸೋಲುತ್ತದೆಂದು ತಿಳಿದಾಗಲೇ ಮಾದರಿ ಮುಂದುವರಿಯುವುದು, ಅಲ್ಲವೇ?

ನೀವೂ ಪ್ರಯತ್ನಿಸಿ. ಬ್ಯಾಕ್ಟೀರಿಯಾ ಬೇಡ, ಚೌಕಳಿ ಕಾಗದ ಮತ್ತು ಎರಡು ಬೇರೆ ಬೇರೆ ನಾಣ್ಯಗಳು ಸಾಕು. ನಡುವಿನ ಒಂದು ಮನೆಗೆ ಬಣ್ಣ ತುಂಬಿ. ಎರಡೂ ನಾಣ್ಯಗಳನ್ನು ಚಿಮ್ಮಿದರೆ ನಾಲ್ಕು ಫಲಿತಾಂಶಗಳು ಸಾಧ್ಯ, ನಾಲ್ಕು ದಿಕ್ಕುಗಳಿಗೆ ಒಂದೊಂದು. ಕಾಗದದ ಅಂಚಿನಿಂದ ಹೊರಟು, ಬಣ್ಣದ ಮನೆಯ ಪಕ್ಕ ಬಂದಾಗ ನಿಂತು ಅಲ್ಲಿಯೂ ಬಣ್ಣ ತುಂಬಿ. ಅಂಚು ದಾಟಿದರೆ ಮತ್ತೆ ಹೊರಡಿ. ಐವತ್ತು ಮನೆಗಳು ತುಂಬಿದ ಮೇಲೆ ನಿಮ್ಮ ಕಾಗದವನ್ನು ಗೆಳೆಯರ ಕಾಗದದೊಡನೆ ಹೋಲಿಸಿ ನೋಡಿ.